ಹಿತ್ತಲಿನ ಪರ್ಸಿಮನ್

ಗೊಜೊ, ನಾರಾ ಪ್ರಾಂತ್ಯ, ಜಪಾನ್
ನವೆಂಬರ್

ಪ್ರೀತಿಯ ಅಕ್ಕ,

ನಾರಾದ ಜಿಂಕೆಗಳ ಕತೆ, ದೊಡ್ಡ ಬುದ್ಧನ ಕತೆ ಊರಿಗೆ ಬಂದ ಮೇಲೆ. ಈ ಕಾಗದ ಪೂರ್ತಿ ಒಂದು ಮರದ್ದು. ತೋಟದ ಕೆಲಸ ಬಲ್ಲ ನಿನಗೇ ಬರೆಯಬೇಕು ಅನ್ನಿಸಿತು.

ನಾವು ಉಳಿದಿರುವುದು ಗುಡ್ಡದ ಮೇಲಿನ ಒಂದು ಮನೆಯಲ್ಲಿ. ಸುತ್ತಲ ಇಳಿಜಾರೆಲ್ಲ ಪರ್ಸಿಮನ್ ತೋಟ. ಎಲೆ ಕೆಂಪಾಗಿ ಉದುರುತ್ತಿದೆ, ಹಣ್ಣು ಕೊಂಬೆ ಬಿಟ್ಟಿಲ್ಲ. ಮನೆಯ ಅಜ್ಜಿಯ ಹಿತ್ತಲಲ್ಲಿ ಎರಡೇ ಮರ. ಒಂದು ಫುಯು: ಗಟ್ಟಿಯಿದ್ದಾಗಲೇ ಹೋಳು ಮಾಡಿ ತಿನ್ನುವ ಸಿಹಿ ಜಾತಿ. ಇನ್ನೊಂದು ಹಿರಾತಾನೆನಾಶಿ: ಬೀಜವಿಲ್ಲ, ಆದರೆ ಮರದಿಂದ ಕಿತ್ತು ಕಚ್ಚಿದರೆ ನಾಲಿಗೆ ಮರಗಟ್ಟುವಷ್ಟು ಒಗರು.

ಒಗರು ಹಣ್ಣಿನ ತೊಟ್ಟಿನ ಭಾಗವನ್ನು ಶೋಚು ಎಂಬ ಮದ್ಯದಲ್ಲಿ ಅದ್ದಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಇಡುತ್ತಾರೆ. ಒಗರು ಎಲ್ಲಿಗೂ ಹೋಗುವುದಿಲ್ಲವಂತೆ. ಒಳಗಿನ ಟ್ಯಾನಿನ್ ನೀರಿನಲ್ಲಿ ಕರಗದ ರೂಪಕ್ಕೆ ತಿರುಗುತ್ತದೆ, ನಾಲಿಗೆಗೆ ಸಿಗುವುದಿಲ್ಲ, ಅಷ್ಟೆ. ಇದೇ ಒಗರಿನ ರಸವನ್ನು ಹುಳಿಯಿಸಿ ವರ್ಷಗಟ್ಟಲೆ ಇಟ್ಟು ಕಾಗದಕ್ಕೆ, ಮರಕ್ಕೆ, ಮೀನಿನ ಬಲೆಗೆ ಬಳಿಯುವ ಪದ್ಧತಿ ಇಲ್ಲಿತ್ತು. ಆ ಕಂದು ರಸ ನೋಡಿದಾಗ ನಮ್ಮ ಅಡಿಕೆ ಬೇಯಿಸುವ ಹಂಡೆಯ ಚೊಗರೇ ಕಣ್ಣಿಗೆ ಬಂತು.

ಉಳಿದ ಹಣ್ಣಿನ ಸಿಪ್ಪೆ ಹೆರೆದು, ಹಗ್ಗಕ್ಕೆ ಕಟ್ಟಿ ಸೂರಿನಡಿ ತೂಗುಹಾಕಿದ್ದಾರೆ. ಕಟ್ಟಲು ಆಸರೆ ಬೇಕೆಂದು ಕೊಯ್ಯುವಾಗಲೇ ತೊಟ್ಟಿನ ಜೊತೆ ಒಂದು ತುಂಡು ಕಡ್ಡಿ ಉಳಿಸಿಕೊಳ್ಳುತ್ತಾರೆ. ಮೇಲ್ಮೈ ಒಣಗಿದ ಮೇಲೆ ಆಗಾಗ ಬೆರಳಿನಿಂದ ಮೆತ್ತಗೆ ಹಿಸುಕಬೇಕು. ತಿಂಗಳು ಕಳೆದರೆ ಮೈಮೇಲೆ ಬಿಳಿ ಪುಡಿ ಮೂಡುತ್ತದೆ. ಅದು ಹಣ್ಣಿನದೇ ಸಕ್ಕರೆ.

ಇನ್ನು ಮರದ ಆರೈಕೆ. ಅಜ್ಜಿಯ ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು, ನಾನು ಬರೆದುಕೊಂಡೆ. ಕಳೆದ ವರ್ಷದ ಕಡ್ಡಿಯ ತುದಿಯ ಕಣ್ಣುಗಳಿಂದ ವಸಂತದಲ್ಲಿ ಹೊಸ ಚಿಗುರು ಬಂದು, ಹೂ ಬಿಡುವುದು ಆ ಚಿಗುರಿನಲ್ಲಿ. ಚೆಂದ ಕಾಣಲಿ ಎಂದು ಚಳಿಗಾಲದಲ್ಲಿ ಎಲ್ಲ ತುದಿಯನ್ನೂ ಸವರಿದರೆ ಆ ವರ್ಷ ಹಣ್ಣಿಲ್ಲ! ಈ ಸಲ ಕಾಯಿ ಹೊತ್ತ ಕಡ್ಡಿಗಳನ್ನು, ಒತ್ತಾಗಿ ಬೆಳೆದವನ್ನು ತೆಗೆದು, ಒಳಗೆ ಬಿಸಿಲು ಬೀಳುವಂತೆ ಮಾಡಬೇಕು.

ನನ್ನ ಮನಸ್ಸು ತಡೆದದ್ದು ಮುಂದಿನ ಮಾತಿಗೆ. ಮೇ ತಿಂಗಳಲ್ಲಿ ಚಿಗುರಿಗೊಂದೇ ಮೊಗ್ಗು ಉಳಿಸಿ ಮಿಕ್ಕದ್ದನ್ನೆಲ್ಲ ಚಿವುಟುತ್ತಾರೆ. ಬಳಿಕ ಮರ ತಾನಾಗಿಯೇ ಒಂದಿಷ್ಟು ಮಿಡಿ ಉದುರಿಸುತ್ತದೆ. ಜುಲೈನಲ್ಲಿ ಮತ್ತೆ ಕೈಯಾಡಿಸಿ, ಒಂದು ಕಾಯಿಗೆ 20 ಎಲೆಯಾದರೂ ಇರುವಂತೆ ಕಾಯಿ ಕಿತ್ತೆಸೆಯುತ್ತಾರೆ. ಮಿಡಿ ಉದುರಿದರೆ ಸಂಕಟಪಡುವ ನಮಗೆ ಇದು ಕಷ್ಟ. ಆದರೆ ಹಾಗೆ ಮಾಡದಿದ್ದರೆ ಒಂದು ವರ್ಷ ಕೊಂಬೆ ಮುರಿಯುವಷ್ಟು ಕಾಯಿ, ಮರುವರ್ಷ ಬರಿ ಎಲೆ. ಈ ಮರದ ಕೊಂಬೆ ಸುಲಭಕ್ಕೆ ಮುರಿಯುವಂಥದ್ದು, ಅದಕ್ಕೇ ಅಜ್ಜಿ ಯಾರನ್ನೂ ಹತ್ತಗೊಡುವುದಿಲ್ಲ. ಗೊಬ್ಬರವೂ ಹಿತಮಿತ. ಸಾರಜನಕ ಹೆಚ್ಚಾದರೆ ಚಿಗುರು ಸೊಕ್ಕಿ ಕಾಯಿ ಉದುರುತ್ತದೆ. ಎಷ್ಟು ಹಾಕಬೇಕು ಎನ್ನುವುದಕ್ಕಿಂತ ಎಷ್ಟು ತೆಗೆಯಬೇಕು ಎಂಬುದರಲ್ಲೇ ಇವರ ಜಾಣ್ಮೆ ಇದೆ ಅನ್ನಿಸಿತು ನನಗೆ.

ಫುಯುಗೆ ಹೆಣ್ಣು ಹೂ ಮಾತ್ರ. ಅದಕ್ಕೆ ತೋಟದವರು ನಡುನಡುವೆ ಗಂಡು ಹೂ ಬಿಡುವ ಝೆಂಜಿಮಾರು ನೆಡುತ್ತಾರೆ. ಅದು ಹಳೆಯ ಸಿಹಿ ಜಾತಿ; ಕವಾಸಾಕಿಯ ಒಂದು ದೇವಾಲಯದ ಬಳಿ 1214ರಲ್ಲಿ ಸಿಕ್ಕಿತೆಂದು ಹೇಳಿಕೆ.

ಬೀಜ ತಾ ಎನ್ನಬೇಡ. ಬೀಜದ ಗಿಡ ಹೆಚ್ಚಾಗಿ ಒಗರು ಹಣ್ಣೇ ಕೊಡುತ್ತದೆ, ಅದೂ 8 ವರ್ಷ ಕಾದ ಮೇಲೆ ಎಂದು ಇಲ್ಲಿನ ಗಾದೆ. ಗಿಡ ತರಲು ಸರ್ಕಾರದ ಅನುಮತಿ ಬೇಕು. ಆದರೆ ಕೂನೂರಿನಲ್ಲಿ ಪರ್ಸಿಮನ್ ಬೆಳೆಯುತ್ತಾರೆ, ಅಲ್ಲೇ ವಿಚಾರಿಸೋಣ. ನಮ್ಮ ತೋಟದ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಚಳಿಯೂ ಸಾಲದು. ಮಡಿಕೇರಿಯ ಮಾವನ ಮನೆಯ ಹಿಂದಿನ ಇಳಿಜಾರಿನಲ್ಲಿ ಒಂದು ನೆಟ್ಟು ನೋಡಬಹುದು. ತಾಯಿಬೇರು ಆಳಕ್ಕಿಳಿಯುವ ಮರ, ಎಳೆಯದಿದ್ದಾಗಲೇ ನೆಡಬೇಕು. ಬಿಸಿಲು ಬೀಳುವ, ಗಾಳಿ ನೇರ ಹೊಡೆಯದ ಜಾಗ ಹುಡುಕಲು ಮಾವನಿಗೆ ಈಗಲೇ ಹೇಳು.

ನಿನ್ನ ತಮ್ಮ