ಆವಾಗೆಲ್ಲ ಹೀಗೇ ಇತ್ತಾ ಅಜ್ಜಾ?

ಪುಣೆಯ ಕೋಥರೂಡಿನ ಒಂದು ಮನೆ. ಮಳೆಗಾಲದ ಭಾನುವಾರ. ಅಜ್ಜ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಘಟಶ್ರಾದ್ಧ’ ಹಾಕಿದರು. ಬ್ಯಾಂಕಿನ ಕೆಲಸದ ಮೇಲೆ ಶಿವಮೊಗ್ಗ ಬಿಟ್ಟು ಅವರಿಗೆ ನಲವತ್ತು ವರ್ಷ. ಗಿರೀಶ ಕಾಸರವಳ್ಳಿಯವರ ಈ ಮೊದಲ ಚಿತ್ರವನ್ನು ಅವರು ನೋಡಿದ್ದು ಕಾಲೇಜು ದಿನಗಳಲ್ಲಿ, ಊರಿನ ಟಾಕೀಸಿನಲ್ಲಿ. ಮೊಮ್ಮಗಳಿಗೆ ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ಅನಂತಮೂರ್ತಿಯವರ ಕಥೆಯನ್ನು ಅವಳು ಓದುವ ದಿನ ಇನ್ನೂ ದೂರವಿದೆ, ಸಿನಿಮಾವನ್ನಾದರೂ ನೋಡಲಿ ಎಂಬುದು ಅಜ್ಜನ ಆಸೆ.

ಟಿವಿಯಲ್ಲಿ ಮೂಡಿದ್ದು ಯಾರೋ ಎಂದೋ ಟೇಪಿನಿಂದ ಇಳಿಸಿ ಅಂತರ್ಜಾಲಕ್ಕೆ ಹಾಕಿದ್ದ ಪ್ರತಿ. ಮೂಲೆಯಲ್ಲಿ ಚಾನೆಲ್ಲಿನ ಗುರುತು. ಪರದೆ ತುಂಬಲೆಂದು ಚಿತ್ರವನ್ನು ಅಡ್ಡಕ್ಕೆ ಎಳೆದದ್ದರಿಂದ ಪುಟ್ಟ ನಾಣಿಯ ಮುಖ ತಟ್ಟೆಯಷ್ಟು ಅಗಲ. ರಾತ್ರಿಯ ದೃಶ್ಯ ಬಂದಾಗ ಉಳಿದದ್ದು ಬರೀ ಕಪ್ಪು, ಅದರ ನಡುವೆ ಒಂದು ಬಿಳಿ ಚುಕ್ಕೆ.

“ಆವಾಗೆಲ್ಲ ಸಿನಿಮಾ ಹೀಗೇ ಇರ್ತಿತ್ತಾ ಅಜ್ಜಾ?”

“ಇಲ್ಲ ಪುಟ್ಟಿ. ನಾನು ನೋಡಿದಾಗ ಯಮುನಕ್ಕನ ಮುಖ ಕಾಣ್ತಿತ್ತು.”

ಅವಳು ನಂಬಿದಂತೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಹೋದಳು. ಅಜ್ಜ ಒಬ್ಬರೇ ಕೊನೆಯವರೆಗೂ ಕೂತರು.

ಹುಡುಗಿಯ ತಪ್ಪೇನೂ ಇಲ್ಲ. ಹಳೆಯ ಕನ್ನಡ ಚಿತ್ರಗಳಲ್ಲಿ ಎಷ್ಟೋ ಮನೆಗೆ ಬಂದದ್ದು ವಿಸಿಡಿಯಾಗಿ. ಅದರ ಚಿತ್ರದಲ್ಲಿ ಇರುವುದು 352×288 ಚುಕ್ಕೆ, ಅಂದರೆ ಸುಮಾರು 1 ಲಕ್ಷ. ಇಂದಿನ 4ಕೆ ಟಿವಿಯಲ್ಲಿ ಸುಮಾರು 83 ಲಕ್ಷ. ಅಷ್ಟನ್ನು ಇಷ್ಟಕ್ಕೆ ಹಿಗ್ಗಿಸಿದರೆ ಇಲ್ಲದ ವಿವರ ಹುಟ್ಟುವುದಿಲ್ಲ. ಟಿವಿ ದೊಡ್ಡದಾದಷ್ಟೂ ಹಳೆಯ ಚಿತ್ರ ಇನ್ನಷ್ಟು ಕೆಟ್ಟು ಕಾಣುತ್ತದೆ. ಅದರ ಮೇಲೆ ‘ಎಚ್‌ಡಿ’ ಎಂದು ಚೀಟಿ ಅಂಟಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ನಿಜವಾದ ರಿಸ್ಟೋರೇಶನ್ ಶುರುವಾಗುವುದು ನೆಗೆಟಿವ್‌ನಿಂದ. ಸೆಕೆಂಡಿಗೆ 24 ಫ್ರೇಮು, ಎರಡು ಗಂಟೆಯ ಚಿತ್ರಕ್ಕೆ 1,72,800. ಒಂದೊಂದನ್ನೂ ಸ್ಕ್ಯಾನ್ ಮಾಡಿ ಗೀರು, ದೂಳು ತೆಗೆಯಬೇಕು. ಆದರೆ ಫಿಲ್ಮಿನ ಕಣಗಳನ್ನು ಉಳಿಸಬೇಕು. ಕಣವನ್ನೂ ಕಲೆಯೆಂದು ಒರೆಸಿದರೆ ಮನುಷ್ಯರು ಮೇಣದ ಬೊಂಬೆಗಳಾಗುತ್ತಾರೆ. ಬಣ್ಣ ತುಂಬುವುದು ಇನ್ನೊಂದೇ ಕೆಲಸ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ಮತ್ತೆ ತೆರೆಗೆ ಬಂದವು. ರಾಜ್‌ಕುಮಾರ್ ಅವರನ್ನು ದೊಡ್ಡ ಪರದೆಯಲ್ಲಿ ಮತ್ತೆ ನೋಡುವ ಖುಷಿ ಸಣ್ಣದಲ್ಲ. ಆದರೆ ಕಪ್ಪು-ಬಿಳುಪಿಗೆಂದೇ ಹೊಂದಿಸಿದ ಬೆಳಕು ಆ ಬಣ್ಣದ ಅಡಿಯಲ್ಲಿ ಹೋಯಿತು.

‘ಘಟಶ್ರಾದ್ಧ’ದ ಪಾಲಿಗೆ ನಿಜವಾದ ರಿಸ್ಟೋರೇಶನ್ ಬಂತು. ಮಾರ್ಟಿನ್ ಸ್ಕಾರ್ಸೆಸೆ ಕಟ್ಟಿದ ಫಿಲ್ಮ್ ಫೌಂಡೇಶನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಮಾಡಿಸಿದ ಹೊಸ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಅದಕ್ಕೆ ಬೇಕಾದ ಮೂಲ ನೆಗೆಟಿವ್ ಉಳಿದಿದ್ದದ್ದು ಪುಣೆಯಲ್ಲೇ, ಲಾ ಕಾಲೇಜ್ ರಸ್ತೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ. ಕೋಥರೂಡಿನಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ. ಬ್ಯಾಂಕಿಗೆ ಹೋಗಿಬರುವಾಗ ಅಜ್ಜ ವರ್ಷಗಟ್ಟಲೆ ಅದೇ ರಸ್ತೆಯಲ್ಲಿ ಓಡಾಡಿದ್ದರು. ಯಮುನಕ್ಕನ ಮುಖ ಅಲ್ಲೇ, ಗೋಡೆಯ ಆಚೆ, ತಣ್ಣಗಿನ ಕೋಣೆಯಲ್ಲಿತ್ತು.

ಆ ರಾತ್ರಿ ಊಟವಾದ ಮೇಲೆ ಸೊಸೆ ಮೊಬೈಲಿನಲ್ಲಿ ಹೊಸ ಪ್ರತಿಯ ಒಂದೆರಡು ಸ್ಥಿರಚಿತ್ರ ಹುಡುಕಿ ತಂದಳು. ಅಜ್ಜ ಕನ್ನಡಕ ಒರೆಸಿಕೊಂಡು ನೋಡಿದರು. ಕಪ್ಪಿನೊಳಗೇ ಹತ್ತು ಬಗೆಯ ಕಪ್ಪು. ಕೂದಲ ಎಳೆ, ಸೀರೆಯ ನೆರಿಗೆ, ಕಣ್ಣು.

“ಇದೇ. ನಾನು ನೋಡಿದ್ದು ಇದನ್ನೇ.”

ಮೊಮ್ಮಗಳು ಅವರ ಹೆಗಲ ಮೇಲಿಂದ ಬಗ್ಗಿ ತುಸು ಹೊತ್ತು ನೋಡಿದಳು.

“ಪೂರ್ತಿ ಸಿನಿಮಾ ಹೀಗಿರೋದು ಎಲ್ಲಿ ಸಿಗತ್ತೆ ಅಜ್ಜಾ?”

ಅಜ್ಜ ಸೊಸೆಯ ಮುಖ ನೋಡಿದರು. ಅವಳು ಆಗಲೇ ಹುಡುಕಲು ಶುರುಮಾಡಿದ್ದಳು.