ಮಗಳ ಮನೆಯ ಮರದ ಬೀರು

ಪಾಸಡೀನಾದ ಬಂಗಲೋ ಹೆವನ್ ಬಡಾವಣೆಯಲ್ಲಿ ಮಗಳು ಕೊಂಡಿರೋದು ನೂರು ವರ್ಷ ದಾಟಿದ ಕ್ರಾಫ್ಟ್ಸ್‌ಮನ್ ಮನೆ. ಅಗಲ ಜಗಲಿ, ಮುಂದಕ್ಕೆ ಚಾಚಿದ ಸೂರು, ಗೋಡೆಗೇ ಕೂಡಿಸಿದ ಮರದ ಬೀರು. ಸೂರಿನ ನೆರಳಿಗೆ ಹಾಲ್‌ನಲ್ಲಿ ಹಗಲೂ ದೀಪ ಬೇಕು. ಬಡಾವಣೆ 1989ರಿಂದ ಪಾರಂಪರಿಕ. ಹೊರಗೆ ಬದಲಾಯಿಸಲು ನಗರಾಡಳಿತದ ಒಪ್ಪಿಗೆ ಬೇಕು, ಒಳಗೆ ನಮ್ಮಿಷ್ಟ.

"ಮರಕ್ಕೆಲ್ಲ ಬಿಳಿ ಪೇಂಟ್ ಹೊಡೆಸೋಣಮ್ಮ" ಅಂದಳು.

ಸಾಗರದ ನಮ್ಮ ಮನೆಯ ಹಲಸಿನ ಕಂಬಗಳಿಗೆ ಆಯಿಲ್ ಪೇಂಟ್ ಬಳಿಸಿದವಳು ನಾನೇ. ಆಮೇಲೆ ಎಷ್ಟು ಕೆರೆದರೂ ಹಳೇ ಬಣ್ಣ ಬರಲಿಲ್ಲ. ಸುಮ್ಮನಿದ್ದೆ.

ಭಾನುವಾರ ಗ್ರೀನ್ ಸೋದರರು ವಿನ್ಯಾಸ ಮಾಡಿದ 1908ರ ಗ್ಯಾಂಬಲ್ ಹೌಸ್ ನೋಡಲು ಹೋದೆವು. ಬಾಗಿಲಿನ ಬಣ್ಣದ ಗಾಜಿನಿಂದ ಬಿದ್ದ ಬೆಳಕಿಗೆ ತೇಗದ ಗೋಡೆ ಜೇನಿನಂತೆ ಹೊಳೀತಿತ್ತು. ಮಗಳು ಬಹಳ ಹೊತ್ತು ಅಲ್ಲೇ ನಿಂತಳು.

ಈಗ ಅಡುಗೆಮನೆ ಪೂರ್ತಿ ಹೊಸದು, ಹಾಲ್‌ ಗೋಡೆಗೆ ತಿಳಿಕೆನೆ ಬಣ್ಣ. ಬೀರು ಮಾತ್ರ ಕಂದಾಗಿಯೇ ಇದೆ, ಒಳಗೆ ನನ್ನ ಉಪ್ಪಿನಕಾಯಿ ಜಾಡಿ.