ಏಳನೇ ನಂಬರಿನ ಸಿನಿಮಾ

ಓಟಿಟಿ ಕಾಲದಲ್ಲಿ ಹಾರ್ಡ್ ಡಿಸ್ಕ್ ಇಟ್ಕೊಂಡು ಏನಯ್ಯಾ ಮಾಡ್ತೀಯ ಅಂತ ಆಫೀಸಲ್ಲಿ ಕೇಳ್ತಾರೆ. ನ್ಯಾಯವಾದ ಪ್ರಶ್ನೆಯೇ. ನಾನೂ ಮೂರು ಓಟಿಟಿಗೆ ದುಡ್ಡು ಕಟ್ಟೋನೇ. ಆದರೆ ಅಲ್ಲಿ ನಾವು ಕೊಳ್ಳೋದು ಸಿನಿಮಾ ಅಲ್ಲ, ನೋಡೋ ಅವಕಾಶ ಅಷ್ಟೇ. ಲೈಸೆನ್ಸ್ ಮುಗಿದರೆ ಹೋದ ತಿಂಗಳು ಇದ್ದದ್ದು ಈ ತಿಂಗಳು ಇರಲ್ಲ.

ನಾನು ಇದನ್ನೆಲ್ಲ ಯೋಚನೆ ಮಾಡಿದ್ದು ಅಮ್ಮನಿಗಾಗಿ. ಅಪ್ಪ ತೀರಿಕೊಂಡ ಮೇಲೆ ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ ಒಬ್ಬಳೇ ಇರೋದು ಬೇಡ ಅಂತ ಬೆಂಗಳೂರಿಗೆ ಕರ್ಕೊಂಡು ಬಂದ್ವಿ. ನಾನು, ಹೆಂಡತಿ ಕೆಲಸಕ್ಕೆ ಹೊರಟರೆ ಸಂಜೆವರೆಗೂ ಫ್ಲ್ಯಾಟಲ್ಲಿ ಅವಳೊಬ್ಬಳೇ. ಟಿವಿ ಹಾಕಿದರೆ ಅದು ಪ್ರೊಫೈಲ್ ಕೇಳುತ್ತೆ, ಅಪ್‌ಡೇಟ್ ಕೇಳುತ್ತೆ, ಎಲ್ಲ ಇಂಗ್ಲಿಷಲ್ಲಿ. "ಊರಿಗೆ ಬಿಟ್ಟು ಬಾರಪ್ಪ, ಜಗಲಿ ಮೇಲೆ ಕೂತ್ರೆ ನಾಲ್ಕು ಜನ ಮಾತಾಡಿಸ್ತಾರೆ" ಅನ್ನೋಕೆ ಶುರು ಮಾಡಿದಳು.

ನಮ್ಮ ರೂಟರ್ ಹಿಂದೆ ಒಂದು ಯುಎಸ್‌ಬಿ ಪೋರ್ಟ್ ಇದೆ. ಅದಕ್ಕೆ 1 ಟಿಬಿ ಡಿಸ್ಕ್ ಸಿಕ್ಕಿಸಿ, ರೂಟರ್ ಸೆಟ್ಟಿಂಗಲ್ಲಿ ಡಿಎಲ್‌ಎನ್‌ಎ ಆನ್ ಮಾಡಿದೆ. ಆಗ ರೂಟರ್ ಡಿಸ್ಕಲ್ಲಿರೋ ಫೈಲುಗಳ ಪಟ್ಟಿ ಮಾಡಿ "ನನ್ನ ಹತ್ರ ಇಷ್ಟಿದೆ" ಅಂತ ಮನೆಯ ನೆಟ್‌ವರ್ಕಿಗೆ ಸಾರುತ್ತೆ. ಫೈಲ್ ಬಿಚ್ಚಿ ಚಿತ್ರ ತೋರಿಸೋ ಕೆಲಸ ಟಿವಿದು. ಹಾಗಾಗಿ ಫೈಲ್ ಟಿವಿಗೆ ಅರ್ಥ ಆಗೋ ಫಾರ್ಮ್ಯಾಟಲ್ಲೇ ಇರಬೇಕು. ಎಚ್.264 ವಿಡಿಯೋ, ಎಎಸಿ ಆಡಿಯೋ ಇರೋ ಎಂಪಿ4 ಆದ್ರೆ ಸಾಮಾನ್ಯವಾಗಿ ತಕರಾರಿಲ್ಲ. ಡಿಟಿಎಸ್ ಆಡಿಯೋ ಇದ್ರೆ ಕೆಲವು ಟಿವಿಗಳಲ್ಲಿ ಚಿತ್ರ ಓಡುತ್ತೆ, ಮಾತು ಬರಲ್ಲ. ಇನ್ನು ಸ್ಪೀಡು: ಎರಡು ಗಂಟೆಯ 4 ಜಿಬಿ ಸಿನಿಮಾಗೆ ಸೆಕೆಂಡಿಗೆ 4.5 ಮೆಗಾಬಿಟ್ ಸಾಕು. ಹಳೇ ವೈಫೈಗೂ ಇದು ಭಾರ ಅಲ್ಲ. ಇಂಟರ್ನೆಟ್ ಹೋದ್ರೂ ಸಿನಿಮಾ ನಿಲ್ಲಲ್ಲ.

ನಮ್ಮ ಟಿವಿಗೆ ಫೈಲ್ ಹೆಸರಲ್ಲಿ ಕನ್ನಡ ಬರಲ್ಲ, ಬರೀ ಚೌಕಗಳು ಕಾಣ್ತವೆ. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಇಬ್ಬರಿಗೂ ಬರೋದು ಅಂಕಿ. ಅದಕ್ಕೇ ಫೈಲುಗಳಿಗೆ ನಂಬರ್ ಕೊಟ್ಟೆ. ಅಮ್ಮ ಒಂದು ಚೀಟಿಯಲ್ಲಿ ನಂಬರ್ ಮುಂದೆ ಹೆಸರು ಬರ್ಕೊಂಡಳು. 1 ಅಂದ್ರೆ ಬಂಗಾರದ ಮನುಷ್ಯ. 1972ರ ಆ ಸಿನಿಮಾನ ಅವಳು ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದ್ದಳಂತೆ. ಹೀಗೆ ಆರರವರೆಗೂ ನಾನು ಕೊಂಡಿಟ್ಟಿದ್ದ ಡಿವಿಡಿಗಳ ಹಳೇ ಸಿನಿಮಾಗಳು. ಏಳು, ಅಕ್ಕನ ಮದುವೆ. 1999ರ ವಿಎಚ್‌ಎಸ್ ಕ್ಯಾಸೆಟ್ಟು, ಬೂಷ್ಟು ಹಿಡಿಯೋಕೆ ಮುಂಚೆ ಡಿಜಿಟಲ್ ಮಾಡಿಸಿದ್ದು.

ಅಮ್ಮ ಹೆಚ್ಚು ನೋಡೋದು ಏಳನ್ನೇ. ಅಪ್ಪನ್ನ ನೋಡ್ತಾಳೆ ಅಂದ್ಕೊಂಡಿದ್ದೆ. ಒಂದು ಭಾನುವಾರ ಜೊತೆಗೆ ಕೂತಾಗ ಗೊತ್ತಾಯ್ತು, ಅವಳು ಊಟದ ಪಂಕ್ತಿ ನೋಡ್ತಾಳೆ. ಕ್ಯಾಮೆರಾ ಒಂದೊಂದೇ ಎಲೆ ದಾಟುವಾಗ ಹೆಸರು ಹೇಳ್ತಾಳೆ. "ಇವರು ಹೋದ್ರು. ಇವಳ ಮಗ ದುಬೈಲವ್ನೆ. ಈ ಅಜ್ಜಿ ನಿನಗೆ ಎಣ್ಣೆ ನೀರು ಹಾಕಿದ್ದು ಕಣಪ್ಪ, ನಿನಗೆಲ್ಲಿ ನೆನಪು." ಅಪ್ಪ ಪಾಯಸದ ಬಕೆಟ್ ಹಿಡ್ಕೊಂಡು ಬಂದಾಗ ಮಾತ್ರ ಹೆಸರು ಹೇಳಲಿಲ್ಲ. "ಅವತ್ತು ಇವ್ರೇ ಊಟ ಮಾಡ್ಲಿಲ್ಲ" ಅಂದಳು.

ಊರಿಗೆ ಹೋಗೋ ಮಾತು ನಿಂತಿಲ್ಲ, ನಿಲ್ಲೋದೂ ಬೇಡ. ತಿಂಗಳಿಗೊಮ್ಮೆ ಹೋಗಿ ಬರ್ತೀವಿ. ಆದರೆ ಹಗಲು ಹೊತ್ತು ಆ ಪಂಕ್ತಿಯ ಜನ ಅವಳ ಜೊತೆ ಇರ್ತಾರೆ.

ಹಾರ್ಡ್ ಡಿಸ್ಕಿಗೂ ಆಯಸ್ಸು ಅಂತ ಒಂದಿದೆ. ಅದಕ್ಕೇ ಇನ್ನೊಂದು ಕಾಪಿ ಅಕ್ಕನ ಮನೆಯಲ್ಲಿದೆ. ನಿಮ್ಮನೆ ಅಟ್ಟದ ಮೇಲೂ ಅಂಥ ಕ್ಯಾಸೆಟ್ ಇದ್ರೆ ಈ ವಾರವೇ ಇಳಿಸಿ. ಅದು ಯಾವ ಓಟಿಟಿಯಲ್ಲೂ ಬರಲ್ಲ. ಅಮ್ಮ ಈಗ ಚೀಟಿಯ ಹಿಂದೆ ಪಂಕ್ತಿಯಲ್ಲಿ ಕೂತವರ ಹೆಸರು ಬರೀತಿದಾಳೆ, ಇಲ್ಲಿವರೆಗೆ 31 ಆಗಿದೆ. ಅದರ ಫೋಟೋ ತೆಗೆದು ಎರಡೂ ಡಿಸ್ಕಿಗೆ ಹಾಕಿದೀನಿ.